ಬಿಸಿನೀರಿನಲ್ಲಿ ಕೈಯಿಟ್ಟವರು

ರೇಷ್ಮೆ ಗೂಡಿನ ಎಳೆಯ ತುದಿ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಆ ಎಳೆ ಅಂಟಿನಿಂದ ಗೂಡಿನ ಮೈಗೆ ಮೆತ್ತಿಕೊಂಡಿರುತ್ತದೆ. ಗೂಡನ್ನು ಕುದಿನೀರಿನಲ್ಲಿ ಬೇಯಿಸಿದಾಗ ಅಂಟು ಸಡಿಲಾಗುತ್ತದೆ. ಮೇಲಿನ ಸಿಕ್ಕನ್ನೆಲ್ಲ ಎಳೆದು ತೆಗೆದ ಮೇಲೆ ಒಳಗಿನ ಒಂದೇ ಎಳೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಒಳ್ಳೆಯ ತಳಿಯಾದರೆ ಒಂದು ಕಿಲೋಮೀಟರು. ಅಂಥ ಎಂಟು ಹತ್ತು ಎಳೆ ಸೇರಿದರೆ ಒಂದು ನೂಲು. ನಡುವೆ ಒಂದು ಗೂಡು ಮುಗಿದರೆ ಆ ಕ್ಷಣದಲ್ಲೇ ಇನ್ನೊಂದರ ಎಳೆ ಕೂಡಿಸಬೇಕು, ಇಲ್ಲದಿದ್ದರೆ ನೂಲು ಅಲ್ಲಿ ಸಣ್ಣಗಾಗುತ್ತದೆ, ಮಗ್ಗದ ಮೇಲೆ ಹರಿಯುತ್ತದೆ. ಹಬೆಯಾಡುವ ನೀರಿನಲ್ಲಿ ಈ ತುದಿಯನ್ನು ಹುಡುಕುವ ಕೆಲಸವನ್ನು ತಲೆತಲಾಂತರದಿಂದ ಬೆರಳಿನ ತುದಿಯೇ ಮಾಡಿಕೊಂಡು ಬಂದಿದೆ.

ಹಳೆ ಮೈಸೂರು ಸೀಮೆಯಲ್ಲಿ ಇದಕ್ಕೆ ನೂಲು ಬಿಚ್ಚಾಣಿಕೆ ಎನ್ನುತ್ತಾರೆ. ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟ, ಕೊಳ್ಳೇಗಾಲದ ಕೇರಿಗಳಲ್ಲಿ ಈ ಕೆಲಸದ ಮೇಲೆ ಬದುಕಿದ ಮನೆಗಳು ಸಾವಿರಾರು. ಆ ಮನೆಗಳಲ್ಲಿ ಕೆಲಸವನ್ನು ಶಪಿಸದವರು ಕಡಿಮೆ, ಬಿಡುತ್ತೇನೆಂದು ಹೊರಟವರು ಇನ್ನೂ ಕಡಿಮೆ.

ನೂಲು ಬಿಚ್ಚುವ ಚರಕದ ಶೆಡ್ಡಿನ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಬೆಂದ ಹುಳುವಿನ ವಾಸನೆ. ಬಟ್ಟೆ, ಕೂದಲು, ಗೋಡೆ ಯಾವುದನ್ನೂ ಅದು ಬಿಡುವುದಿಲ್ಲ. ಒಲೆಯ ಮೇಲೆ ಅಗಲ ಬಾಯಿನ ಬಾಣಲೆ, ಅದರಲ್ಲಿ ತೇಲುವ ನೂರಾರು ಗೂಡು. ಬಾಣಲೆಯ ಮುಂದೆ ಒಬ್ಬರು, ಹಿಂದೆ ಚಕ್ರ ತಿರುಗಿಸಲು ಇನ್ನೊಬ್ಬರು. ಮುಂದಿರುವವರ ಪಕ್ಕದಲ್ಲಿ ತಣ್ಣೀರಿನ ಬಟ್ಟಲು. ಕೈ ಬಾಣಲೆಗೆ ಹೋಗುತ್ತದೆ, ಎಳೆ ಹಿಡಿಯುತ್ತದೆ, ತಣ್ಣೀರಿನಲ್ಲಿ ಅದ್ದಿ ಮತ್ತೆ ಬಾಣಲೆಗೆ. ಬೆಳಗಿನಿಂದ ಸಂಜೆಯವರೆಗೆ ಇದೇ. ಮಧ್ಯಾಹ್ನದ ಹೊತ್ತಿಗೆ ಬೆರಳುಗಳ ತೊಗಲು ಬೆಳ್ಳಗಾಗಿ ನೆರಿಗೆಗಟ್ಟಿರುತ್ತದೆ. ಉಗುರಿನ ಸಂದಿಯಲ್ಲಿ ಬಿರುಕು ಬಿಟ್ಟು, ರಾತ್ರಿ ಅನ್ನ ಕಲಸುವಾಗ ಉಪ್ಪುಖಾರ ಚುರುಚುರು ಎನ್ನುತ್ತದೆ. ಒಲೆಯ ಹೊಗೆಯಿಂದಲೂ ಗೂಡಿನ ದೂಳಿನಿಂದಲೂ ಉಬ್ಬಸ ಬರುತ್ತದೆ. ಬಿಚ್ಚಾಣಿಕೆಯವರಲ್ಲಿ ಚರ್ಮದ ಬಾಧೆಯೂ ಉಸಿರಾಟದ ತೊಂದರೆಯೂ ಇರುವುದನ್ನು ವೈದ್ಯರು ದಾಖಲಿಸಿದ್ದಾರೆ.

ಚರಕದಲ್ಲಿ ಗೂಡು ಬೇಯಿಸುವುದೂ ನೂಲು ಎಳೆಯುವುದೂ ಒಂದೇ ಬಾಣಲೆಯಲ್ಲಿ. ಕೈ ಸುಡುವುದಕ್ಕೆ ಕಾರಣವೇ ಅದು. ನೀರು ಆರಿದರೆ ಗೂಡು ಬಿಚ್ಚುವುದಿಲ್ಲ, ಬಿಸಿ ಹೆಚ್ಚಾದರೆ ಎಳೆ ಕರಗಿದಂತಾಗಿ ಸಿಕ್ಕು ಬೀಳುತ್ತದೆ. ಆ ಹದ ಎಲ್ಲರಿಗೂ ಸಿಗುವುದಲ್ಲ. ಕೈಗುಣ ಇರುವವರು ಎಳೆದ ನೂಲಿಗೂ ಇಲ್ಲದವರು ಎಳೆದ ನೂಲಿಗೂ ಬೆಲೆಯಲ್ಲಿ ವ್ಯತ್ಯಾಸ ಬೀಳುತ್ತದೆ. ಕೂಲಿಯ ಬಗ್ಗೆ ಗೊಣಗುವ ಹೆಂಗಸೇ ತನ್ನ ನೂಲು ಎಲ್ಲೂ ದಪ್ಪ ಸಣ್ಣ ಆಗಿಲ್ಲ ಎಂದು ಎತ್ತಿ ತೋರಿಸುವಾಗ ಮುಖದಲ್ಲಿ ಬೇರೆಯೇ ಕಳೆ ಇರುತ್ತದೆ. ಹೊಟ್ಟೆಪಾಡು ಎಂಬ ಒಂದೇ ಮಾತಿನಲ್ಲಿ ಈ ಕಸುಬನ್ನು ಮುಗಿಸಿಬಿಡುವವರು ಈ ಕಳೆಯನ್ನು ನೋಡಿಲ್ಲ.

ಮೈಸೂರು ಸೀಮೆಗೆ ರೇಷ್ಮೆ ಹುಳು ಬಂದದ್ದು ಟಿಪ್ಪುವಿನ ಕಾಲದಲ್ಲಿ. 1780ರ ದಶಕದಲ್ಲಿ ಬಂಗಾಳಕ್ಕೆ ಆಳು ಕಳಿಸಿ ಹುಳು ತರಿಸಿ, ಸಾಕುವ ಕ್ರಮವನ್ನು ಕಲಿಸಲು ಏರ್ಪಾಟು ಮಾಡಿ, ರಾಜ್ಯದಲ್ಲಿ 21 ಕಡೆ ಸಾಕಣೆಗೆ ಆಜ್ಞೆ ಮಾಡಿದ. ನೇಕಾರರಂತೂ ಮೊದಲೇ ಇದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಪಟ್ಟೇಗಾರರ ಮತ್ತು ಖತ್ರಿಗಳ ರೇಷ್ಮೆ ಮಗ್ಗಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹೊರಗಿನಿಂದ ತರಿಸುತ್ತಿದ್ದ ನೂಲನ್ನು ಇಲ್ಲೇ ತೆಗೆಯುವಂತಾಗಬೇಕೆಂಬುದು ಟಿಪ್ಪುವಿನ ಲೆಕ್ಕ.

ಆ ಬಂಗಾಳದಲ್ಲಿ ನೂಲು ಬಿಚ್ಚುವವರ ಗತಿ ಏನಿತ್ತು ಎಂಬುದಕ್ಕೆ ಒಂದು ಭಯಂಕರ ಸಾಕ್ಷ್ಯವಿದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸಕ್ಕಿದ್ದು ಆಮೇಲೆ ಅದರ ವೈರಿಯಾದ ವಿಲಿಯಂ ಬೋಲ್ಟ್ಸ್ 1772ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ, ಕಂಪನಿಯವರ ಬಲವಂತದ ಬಿಚ್ಚಾಣಿಕೆಯಿಂದ ಪಾರಾಗಲು ಕೆಲವರು ತಮ್ಮ ಹೆಬ್ಬೆರಳನ್ನು ತಾವೇ ಕತ್ತರಿಸಿಕೊಂಡದ್ದುಂಟು ಎಂದು ಬರೆದ. ಬೋಲ್ಟ್ಸ್‌ಗೆ ಕಂಪನಿಯ ಮೇಲೆ ಹಗೆಯಿತ್ತು, ಆದ್ದರಿಂದ ಇತಿಹಾಸಕಾರರು ಈ ಮಾತನ್ನು ಅಳೆದು ತೂಗಿಯೇ ತೆಗೆದುಕೊಳ್ಳುತ್ತಾರೆ. ಢಾಕಾ ಮಸ್ಲಿನ್ ನೇಕಾರರ ಹೆಬ್ಬೆರಳನ್ನು ಬ್ರಿಟಿಷರು ಕತ್ತರಿಸಿದರು ಎಂದು ನಾವು ಶಾಲೆಯಿಂದಲೂ ಕೇಳುತ್ತಾ ಬಂದಿರುವ ಕಥೆಯ ಬೇರು ಬಹುಶಃ ಇಲ್ಲಿದೆ. ಬೋಲ್ಟ್ಸ್ ಹೇಳಿದ್ದು ಹತ್ತಿಯ ನೇಕಾರರ ಬಗ್ಗೆಯಲ್ಲ, ರೇಷ್ಮೆ ಬಿಚ್ಚುವವರ ಬಗ್ಗೆ, ಅದೂ ತಮ್ಮ ಕೈಯಾರೆ ಮಾಡಿಕೊಂಡದ್ದು. ಹೆಬ್ಬೆರಳಿಲ್ಲದೆ ಎಳೆ ಹಿಡಿಯಲಾಗದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಟಿಪ್ಪು 1799ರಲ್ಲಿ ಮಡಿದ. ಹುಳು ಮಾತ್ರ ಉಳಿಯಿತು. ಹಿಪ್ಪುನೇರಳೆ ತೋಟಗಳು ಒಣಗದೆ ಹಬ್ಬಿದವು, ಚರಕಗಳು ಮನೆಮನೆಗೆ ಇಳಿದವು. 19ನೆಯ ಶತಮಾನದ ನಡುವಿನಲ್ಲಿ ಯುರೋಪಿನ ಹುಳುಗಳಿಗೆ ಪೆಬ್ರೀನ್ ಎಂಬ ಗಂಟುರೋಗ ತಗುಲಿ ಫ್ರಾನ್ಸ್, ಇಟಲಿಗಳ ರೇಷ್ಮೆ ನೆಲಕಚ್ಚಿತು. ಲೂಯಿ ಪಾಶ್ಚರ್ ಆ ರೋಗದ ಬೆನ್ನು ಹತ್ತಿದ್ದೂ ಆಗಲೇ, 1865ರಿಂದ. ರೋಗವಿಲ್ಲದ ಮೊಟ್ಟೆಗಳನ್ನು ಹುಡುಕುತ್ತಾ ಇಟಲಿಯ ವ್ಯಾಪಾರಿಗಳು ಲೋಕವೆಲ್ಲ ಅಲೆದ ಕಾಲ ಅದು. ಅವರಲ್ಲೊಬ್ಬ, ಡಿ ವೆಕ್ಕಿ ಎಂಬವನು, 1860ರ ದಶಕದಲ್ಲಿ ಬೆಂಗಳೂರಿಗೆ ಬಂದು ಸರ್ಕಾರದ ನೆರವಿನಿಂದ ಜಪಾನಿನ ಮೊಟ್ಟೆ ತರಿಸಿ, ಹಬೆಯಿಂದ ನಡೆಯುವ ಬಿಚ್ಚಾಣಿಕೆ ಕಾರ್ಖಾನೆಯನ್ನು ಹಾಕಿದ. ಮೈಸೂರಿನಲ್ಲಿ ಫಿಲೇಚರ್ ಎಂಬ ಮಾತು ಬಳಕೆಗೆ ಬಂದದ್ದು ಇಂಥ ಕಾರ್ಖಾನೆಗಳ ಜೊತೆಗೆ. ಹಬೆ ಬಂದರೆ ಒಲೆಯ ಹೊಗೆ ತಪ್ಪುತ್ತದೆ, ಚಕ್ರ ತಿರುಗಿಸುವ ಆಳು ತಪ್ಪುತ್ತಾನೆ. ಬಾಣಲೆಯಲ್ಲಿನ ಕೈ ಮಾತ್ರ ತಪ್ಪುವುದಿಲ್ಲ. ಹುಳುಗಳಿಗೆ ರೋಗ ತಗುಲಿ ಡಿ ವೆಕ್ಕಿಯ ಸಾಹಸ ಹೆಚ್ಚು ಕಾಲ ನಿಲ್ಲಲಿಲ್ಲ.

ಶತಮಾನದ ಕೊನೆಗೆ ಜಮ್‌ಶೆಟ್‌ಜಿ ಟಾಟಾ ಜಪಾನಿನಿಂದ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿದರು. ಬಸವನಗುಡಿಯ ಪಕ್ಕದ ಆ ಜಾಗವನ್ನು ಬಸ್ ಕಂಡಕ್ಟರುಗಳು ಈಗಲೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಕೂಗುತ್ತಾರೆ, ಅಲ್ಲಿ ಹಿಪ್ಪುನೇರಳೆಯ ಒಂದು ಎಲೆಯೂ ಇಲ್ಲ. ತೋಟ ಮುಂದೆ ಸಾಲ್ವೇಶನ್ ಆರ್ಮಿಯವರ ಕೈಗೆ ಹೋಯಿತು. 1910ರ ದಶಕದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಇಟಲಿಯ ತಜ್ಞರನ್ನು ಕರೆಸಿ ರೇಷ್ಮೆಗೆಂದೇ ಇಲಾಖೆ ತೆರೆಯಿತು. 'ಕೆಲವು ನೆನಪುಗಳು' ಬರೆದ ನವರತ್ನ ರಾಮರಾಯರು ಆ ಇಲಾಖೆಯ ಮುಖ್ಯಸ್ಥರಾಗಿದ್ದವರು. 1912ರಲ್ಲಿ ಮೈಸೂರು ನಗರದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್‌ಲ್ಯಾಂಡಿನ ಮಗ್ಗಗಳನ್ನು ತರಿಸಿ ನೇಯ್ಗೆ ಕಾರ್ಖಾನೆ ಹಾಕಿದರು. ಇಂದು ಮೈಸೂರು ಸಿಲ್ಕ್ ಎಂದು ಸಾಲಾಗಿ ನಿಂತು ಕೊಳ್ಳುವ ಸೀರೆಯ ಮೂಲ ಅಲ್ಲಿದೆ.

ಇಷ್ಟೆಲ್ಲ ಸುಧಾರಣೆಯ ದೃಷ್ಟಿ ಹುಳುವಿನ ತಳಿ, ಮೊಟ್ಟೆಯ ಶುದ್ಧಿ, ನೂಲಿನ ಗುಣ ಇವುಗಳ ಮೇಲಿತ್ತು. ಇಲಾಖೆಯ ಲೆಕ್ಕದಲ್ಲಿ ಗೂಡಿಗೆ ಕಾಲಂ ಇತ್ತು, ನೂಲಿಗೆ ಕಾಲಂ ಇತ್ತು. ಬಾಣಲೆಯ ಮುಂದೆ ಕೂತವರ ಕೈಗೆ ಕಾಲಂ ಇದ್ದಿರಲಾರದು.

ಶ್ರೀನಗರದ ಕಥೆ ಬೇರೆ. ಅಲ್ಲಿ ಕಾಶ್ಮೀರದ ಮಹಾರಾಜರ ಸರ್ಕಾರವೇ ನಡೆಸುತ್ತಿದ್ದ ರೇಷ್ಮೆ ಕಾರ್ಖಾನೆ ಸಾವಿರಾರು ಜನರನ್ನು ಒಂದೇ ಆವರಣದಲ್ಲಿ ದುಡಿಸುತ್ತಿತ್ತು. 1924ರಲ್ಲಿ ಕೂಲಿ ಮತ್ತು ಅಧಿಕಾರಿಗಳ ಲಂಚದ ಬಗ್ಗೆ ಸಿಟ್ಟೆದ್ದ ಆ ಕೆಲಸಗಾರರು ಮುಷ್ಕರ ಹೂಡಿದರು, ಸೇನೆ ಇಳಿಯಿತು. ಕಾಶ್ಮೀರದ ರಾಜಕೀಯದಲ್ಲಿ ಇಂದಿಗೂ ಆ ಮುಷ್ಕರವನ್ನು ನೆನೆಯುತ್ತಾರೆ. ರೇಷ್ಮೆ ಕೆಲಸದಲ್ಲಿ ಕಾಶ್ಮೀರಕ್ಕಿಂತ ಹೆಚ್ಚು ಜನರಿದ್ದ ಮೈಸೂರಿನಲ್ಲಿ ಅಂಥದ್ದು ಏಕೆ ಆಗಲಿಲ್ಲ? ಇಲ್ಲಿ ಕೆಲಸ ಹಿತ್ತಿಲಲ್ಲಿ, ಮನೆಯ ಮುಂದಿನ ಶೆಡ್ಡಿನಲ್ಲಿ, ನಾಲ್ಕೈದು ಚರಕಗಳ ಗುಂಪಿನಲ್ಲಿ ಹಂಚಿಹೋಗಿತ್ತು. ಮಾಲೀಕನೂ ಅದೇ ಕೇರಿಯವನು, ಎಷ್ಟೋ ಸಲ ದೂರದ ನೆಂಟ. ಮದುವೆಗೆ, ಆಸ್ಪತ್ರೆಗೆ ಮುಂಗಡ ಕೊಡುವವನೂ ಅವನೇ. ಅವನ ಮೇಲೆ ಸಿಟ್ಟು ಬಂದರೂ ತೋರಿಸುವ ಜಾಗ ಎಲ್ಲಿತ್ತು?

1930ರ ಸುಮಾರಿಗೆ ಬಾಣಲೆಗಳು ಒಂದೊಂದಾಗಿ ತಣ್ಣಗಾದವು. ಜಪಾನು, ಚೀನಾಗಳ ಅಗ್ಗದ ನೂಲು, ಅದರ ಮೇಲೆ ಕೃತಕ ರೇಷ್ಮೆ. ಹಿಪ್ಪುನೇರಳೆ ಕಿತ್ತು ರಾಗಿ ಬಿತ್ತಿದವರುಂಟು. 1934ರಲ್ಲಿ ಬ್ರಿಟಿಷ್ ಭಾರತದ ಸರ್ಕಾರ ಆಮದಿನ ಮೇಲೆ ರಕ್ಷಣೆಯ ಸುಂಕ ಹಾಕಿತು. ಎರಡನೆಯ ಮಹಾಯುದ್ಧ ಬಂದಾಗ ಜಪಾನಿನ ನೂಲು ನಿಂತುಹೋಯಿತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾಯಿತು, ಮೈಸೂರಿನ ಫಿಲೇಚರುಗಳು ಹೌಸಿನಿಂದ ನಡೆದವು. ಲೋಕಕ್ಕೆ ಕೇಡಾದ ಆ ಕಾಲದಲ್ಲಿ ಬಿಚ್ಚಾಣಿಕೆಯವರ ಮನೆಯಲ್ಲಿ ಒಲೆ ಉರಿಯಿತು. ಯುದ್ಧ ಮುಗಿದೊಡನೆ ಬೇಡಿಕೆ ಬಿತ್ತು. ಕೆಲಸ ಇದ್ದಾಗ ಕೈ ಸುಡುವ ಚಿಂತೆ, ಇಲ್ಲದಾಗ ಒಲೆಯದೇ ಚಿಂತೆ: ಈ ಹೊಯ್ದಾಟ ಮುಂದಿನ ಪ್ರತಿ ತಲೆಮಾರಿಗೂ ಬಂತು.

ಸ್ವಾತಂತ್ರ್ಯದ ನಂತರ ಕೇಂದ್ರ ರೇಷ್ಮೆ ಮಂಡಳಿ ಬಂತು, 1949ರಲ್ಲಿ. 1959ರ ರಾಜ್ಯ ಕಾಯ್ದೆ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಗೆ ತಂದಿತು. ರಾಮನಗರದ ಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಯಿತು. ಹಿಂದೆ ಈ ಊರಿಗೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ನೆನಪಿನಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಹಿಂದಿ ಸಿನಿಮಾ ನೋಡುವವರಿಗೆ ಇದು 'ಶೋಲೆ'ಯ ಬೆಟ್ಟದ ಊರು, ರೈತರಿಗೆ ಮಾತ್ರ ಗೂಡಿನ ಊರು. ಬೆಳಗಾಗುವಷ್ಟರಲ್ಲಿ ಗೂಡಿನ ಲಾಟುಗಳು ಜಾಲರಿಯ ತಟ್ಟೆಗಳಲ್ಲಿ ಹರಡಿಕೊಳ್ಳುತ್ತವೆ. ರೀಲರುಗಳು, ಎಂದರೆ ಲೈಸೆನ್ಸು ಪಡೆದ ಮಾಲೀಕರು, ಹಿಡಿಹಿಡಿಯಾಗಿ ಗೂಡನ್ನೆತ್ತಿ ಕಿವಿಯ ಬಳಿ ಅಲುಗಿಸಿ, ಅದುಮಿ, ಬೆಲೆ ಕಟ್ಟುತ್ತಾರೆ. ಹಿಂದೆ ಬೆಲೆ ಕೂಗುತ್ತಿದ್ದರು, ಈಗ ಆ ಕೂಗು ಮೊಬೈಲಿಗೆ ಇಳಿದಿದೆ, ಹರಾಜು ಇ-ಹರಾಜಾಗಿದೆ. ಒಂದು ಕಿಲೋ ನೂಲಿಗೆ ಸುಮಾರು ಏಳೆಂಟು ಕಿಲೋ ಗೂಡು ಬೇಕು. ಒಂದು ಗೂಡು ಎರಡು ಗ್ರಾಂ ಕೂಡ ತೂಗುವುದಿಲ್ಲ, ಆದ್ದರಿಂದ ನಾಲ್ಕೈದು ಸಾವಿರ ಹುಳುಗಳು ಬೆಂದರೆ ಒಂದು ಕಿಲೋ.

ಗೂಡು ಕಟ್ಟಿದ ಹುಳು ಬಿಟ್ಟರೆ ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಗೆ ಬರುತ್ತದೆ, ಎಳೆ ತುಂಡುತುಂಡಾಗುತ್ತದೆ. ಅದಕ್ಕೇ ಮೊದಲೇ ಹಬೆಗೋ ಬಿಸಿಗಾಳಿಗೋ ಒಡ್ಡಿ ಕೊಲ್ಲುತ್ತಾರೆ, ಅಥವಾ ಹಸಿಗೂಡನ್ನೇ ನೇರ ಬಾಣಲೆಗೆ ಹಾಕುತ್ತಾರೆ. ಹಿಂಸೆಯ ರೇಷ್ಮೆ ಉಡಬಾರದೆಂದು ಧರ್ಮಪೀಠಗಳಿಂದ ಮಾತು ಬಂದದ್ದುಂಟು, ಅಹಿಂಸಾ ರೇಷ್ಮೆ ಎಂಬ ಹೆಸರಿನ ಬಟ್ಟೆಯೂ ಈಗ ಮಾರಾಟಕ್ಕಿದೆ. ಆದರೆ ಹಿಂಸೆಯ ಈ ಚರ್ಚೆ ಉಡುವವರ ನಡುವೆ ನಡೆದದ್ದೇ ಹೆಚ್ಚು, ಬೇಯಿಸುವವರ ಮನಸ್ಸಿನಲ್ಲಿ ಏನು ನಡೆಯುತ್ತದೆಂದು ಕೇಳಿದವರು ವಿರಳ. ಕೆಲಸದ ಮೊದಲ ದಿನಗಳಲ್ಲಿ ಊಟ ಸೇರದೆ ಹೋಗುವುದು, ವಾಂತಿ ಬಂದಂತಾಗುವುದು ಈ ಕಸುಬಿನಲ್ಲಿ ಮಾಮೂಲು. ಆಮೇಲೆ ಮೂಗು ಒಗ್ಗುತ್ತದೆ. ಬೆಂದ ಹುಳುವೂ ವ್ಯರ್ಥವಾಗುವುದಿಲ್ಲ, ಕೋಳಿಗೂ ಮೀನಿಗೂ ಮೇವಾಗುತ್ತದೆ, ಎಣ್ಣೆ ತೆಗೆಯುತ್ತಾರೆ. ಮಾಲೀಕನಿಗೆ ಅದೂ ಒಂದು ಆದಾಯ.

ಕಾಟೇಜ್ ಬೇಸಿನ್ ಎಂಬ ಯಂತ್ರ ಚರಕದ ದೊಡ್ಡ ಕಷ್ಟವೊಂದನ್ನು ಬಿಡಿಸಿತು. ಇಲ್ಲಿ ಬೇಯಿಸುವ ಪಾತ್ರೆ ಬೇರೆ, ಎಳೆಯುವ ತೊಟ್ಟಿ ಬೇರೆ. ಎಳೆಯುವ ತೊಟ್ಟಿಯ ನೀರು ಸ್ನಾನದ ನೀರಿನಷ್ಟೇ ಬಿಸಿ. ಚಕ್ರವನ್ನು ಮೋಟಾರು ತಿರುಗಿಸುತ್ತದೆ. ಕೈ ಬೇಯುವುದು ಕಡಿಮೆಯಾಯಿತು, ನೆನೆಯುವುದು ಹಾಗೇ ಉಳಿಯಿತು. 1980ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕರ್ನಾಟಕ ರೇಷ್ಮೆ ಯೋಜನೆ ಶುರುವಾಯಿತು. ಅದಕ್ಕೆ ಸ್ವಲ್ಪ ಮುಂಚೆ, 1979ರಲ್ಲಿ, ರೀಲರುಗಳನ್ನು ದಲ್ಲಾಳಿಗಳಿಂದ ಕಾಪಾಡಲು ರೇಷ್ಮೆ ಮಾರಾಟ ಮಂಡಳಿಯೂ ಬೆಂಗಳೂರಿನಲ್ಲಿ ನೂಲಿನ ವಿನಿಮಯ ಕೇಂದ್ರವೂ ಬಂದವು. ಬೇಸಿನ್ನುಗಳು ಹೆಚ್ಚಿದವು, ಕೆಲಸವೂ ಹೆಚ್ಚಿತು. ಹೆಚ್ಚಿದ ಕೆಲಸಕ್ಕೆ ಕೈಗಳು ಬೇಕಾದವು, ಎಳೆಯ ಕೈಗಳೂ ಬಂದವು.

ಈ ಕಸುಬಿನ ಚರಿತ್ರೆಯಲ್ಲಿ ಹಗುರವಾಗಿ ದಾಟಿಹೋಗಲಾಗದ ಅಧ್ಯಾಯ ಇದು. ಮಕ್ಕಳ ಬೆರಳು ಸಣ್ಣ, ಎಳೆ ಬೇಗ ಹಿಡಿಯುತ್ತದೆ ಎಂಬ ಮಾತನ್ನು ಮಾಲೀಕರು ನೆವವಾಗಿ ಹೇಳುತ್ತಿದ್ದರು. ನಿಜವಾದ ಕಾರಣ ಕೂಲಿ. ಅಪ್ಪ ಅಮ್ಮ ಕಾಯಿಲೆಗೋ ಹಬ್ಬಕ್ಕೋ ಪಡೆದ ಕೆಲವೇ ಸಾವಿರ ರೂಪಾಯಿ ಮುಂಗಡಕ್ಕೆ ಮಗು ಬಾಣಲೆಯ ಮುಂದೋ ನೂಲು ಹುರಿ ಮಾಡುವ ಯಂತ್ರದ ಪಕ್ಕದಲ್ಲೋ ನಿಲ್ಲುತ್ತಿತ್ತು. ಜೀತಪದ್ಧತಿ ರದ್ದಾದದ್ದು 1976ರಲ್ಲಿ, ಬಾಲಕಾರ್ಮಿಕ ಕಾಯ್ದೆ ಬಂದದ್ದು 1986ರಲ್ಲಿ. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ತಂದಾಗ ಕರ್ನಾಟಕದ ಬಿಚ್ಚಾಣಿಕೆ ಮತ್ತು ಹುರಿ ಘಟಕಗಳಿಗೆ ಅದರಲ್ಲಿ ದೊಡ್ಡ ಜಾಗವಿತ್ತು. ತನಿಖೆಗಳಾದವು, ಮಕ್ಕಳನ್ನು ಶಾಲೆಗೆ ಸೇರಿಸುವ ಕಾರ್ಯಕ್ರಮಗಳು ನಡೆದವು, ಬಹಿರಂಗವಾಗಿ ಮಕ್ಕಳನ್ನು ದುಡಿಸುವುದು ಬಹುಮಟ್ಟಿಗೆ ನಿಂತಿತು. ಇಂದು ಚರಕದ ಮುಂದಿರುವ ನಡುವಯಸ್ಸಿನವರಲ್ಲಿ ಎಷ್ಟೋ ಮಂದಿ ಎಂಟು ಒಂಬತ್ತು ವರ್ಷಕ್ಕೆ ಈ ಕೆಲಸಕ್ಕೆ ಬಂದವರೇ. ಬೇರೆ ಕೆಲಸ ಕಲಿಯುವ ವಯಸ್ಸೆಲ್ಲ ಬಾಣಲೆಯ ಮುಂದೆ ಕಳೆದದ್ದರಿಂದ ಇದೊಂದೇ ಅವರಿಗೆ ಬರುವ ವಿದ್ಯೆ.

ಕೆಲಸ ಇರಲಪ್ಪಾ ಎಂಬ ಹಾರೈಕೆಯೂ ಸಾಯಲಿ ಈ ಕೆಲಸ ಎಂಬ ಬೈಗುಳವೂ ಒಂದೇ ಬಾಯಿಂದ ಬರುವುದು ಬೇಡಿಕೆ ಬಿದ್ದಾಗ. 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ಚೀನಾದ ನೂಲಿನ ಭಯಕ್ಕೆ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ಪತ್ರಿಕೆಗಳು ರೈತರ ಕಷ್ಟವನ್ನು ಬರೆದವು, ಬರೆಯಬೇಕಾದ್ದೇ. ಅಗ್ಗದ ಗೂಡಿನಿಂದ ರೀಲರಿಗೆ ಲಾಭ ಎಂದುಕೊಳ್ಳಬಹುದು, ಆದರೆ ನಿನ್ನೆಯ ದುಬಾರಿ ಗೂಡಿನಿಂದ ತೆಗೆದ ನೂಲನ್ನು ಇಂದಿನ ಅಗ್ಗದ ಬೆಲೆಗೆ ಮಾರುವವನೂ ಅವನೇ. ಅವನು ಎರಡು ದಿನ ಗೂಡು ಕೊಳ್ಳದಿದ್ದರೆ ದಿನಗೂಲಿಯವಳಿಗೆ ಎರಡು ದಿನ ಕೂಲಿಯಿಲ್ಲ. ಪ್ರತಿಭಟನೆಗೆ ಹೋದರೆ ಮೂರನೆಯ ದಿನದ್ದೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಮದುವೆಗಳು ನಿಂತು, ಮಗ್ಗ ನಿಂತು, ನೂಲು ಗಂಟುಕಟ್ಟಿ ಕೂತಾಗಲೂ ಪೆಟ್ಟು ಕೊನೆಗೆ ಬಂದು ಬಿದ್ದದ್ದು ಈ ದಿನಗೂಲಿಯವರ ಮೇಲೆಯೇ.

ಕಳೆದ ಹದಿನೈದು ವರ್ಷಗಳಿಂದೀಚೆಗೆ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಚೀನಾದಿಂದ ತರಿಸಿದ ಈ ಯಂತ್ರಗಳ ಬೆಲೆ ಕೋಟಿಗಳ ಲೆಕ್ಕದಲ್ಲಿ, ಸರ್ಕಾರದ ಸಹಾಯಧನವೂ ಉಂಟು. ನೂಲು ಸಣ್ಣಗಾದದ್ದನ್ನು ಯಂತ್ರವೇ ಗುರುತಿಸಿ ಹೊಸ ಗೂಡಿನ ಎಳೆಯನ್ನು ತಾನೇ ಕೂಡಿಸುತ್ತದೆ. ಬೆರಳ ತುದಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಮಾಡಿದ್ದನ್ನು ಕಬ್ಬಿಣ ಕಲಿತಿದೆ. ಅಲ್ಲಿ ಕೆಲಸಗಾರರು ನಿಂತು ಉದ್ದಕ್ಕೂ ಓಡಾಡುತ್ತಾ ಹರಿದ ನೂಲನ್ನು ಕಟ್ಟುತ್ತಾರೆ, ಕೈ ಒಣಗಿರುತ್ತದೆ ಎಂದಲ್ಲ, ಆದರೆ ಬೇಯುವುದಿಲ್ಲ. ಹತ್ತಾರು ಚರಕಗಳ ನೂಲನ್ನು ಅದೊಂದೇ ತೆಗೆಯುತ್ತದೆ, ಆ ಚರಕಗಳ ಕೂಲಿಯಲ್ಲಿ ಬಹುಪಾಲನ್ನೂ ತೆಗೆದುಹಾಕುತ್ತದೆ. ಕೈ ನೀರಿನಿಂದ ಹೊರಬಂದರೆ ಸಾಕು ಎಂದು ಹಂಬಲಿಸಿದವರಿಗೆ ಅದು ಹೊರಬಂದ ದಿನ ಕೆಲಸವೂ ಜೊತೆಗೇ ಹೊರಬೀಳುತ್ತದೆ ಎಂಬ ಅಂದಾಜು ಇರಲಿಲ್ಲವೆಂದೇನಲ್ಲ. ಯಂತ್ರದ ಬಗ್ಗೆ ಕೇಳಿದರೆ ಅವರು ಹೌದೆನ್ನುವುದೂ ಇಲ್ಲ, ಬೇಡವೆನ್ನುವುದೂ ಇಲ್ಲ.

ಹರೆಯದವರು ಆಗಲೇ ದಾರಿ ಬದಲಿಸಿದ್ದಾರೆ. ರಾಮನಗರದ ಪಕ್ಕದ ಬಿಡದಿಯಲ್ಲಿ 1999ರಿಂದ ಕಾರು ತಯಾರಾಗುತ್ತಿದೆ, ಸುತ್ತ ಬಿಡಿಭಾಗಗಳ ಘಟಕಗಳಿವೆ. ಹುಡುಗಿಯರು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಅಲ್ಲಿ ಮೇಲ್ವಿಚಾರಕನ ಬೈಗುಳ, ಗಂಟೆಗೆ ಇಷ್ಟು ಪೀಸು ಎಂಬ ಒತ್ತಡ, ಆದರೆ ಪಿಎಫ್ ಇದೆ, ಇಎಸ್‌ಐ ಕಾರ್ಡಿದೆ, ಮೈಗೆ ವಾಸನೆ ಅಂಟುವುದಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಗಾರ್ಮೆಂಟ್ಸ್ ಎಂದು ಹೇಳಬಹುದು. ಚರಕದ ಮನೆಯ ತಾಯಂದಿರೇ ಮಕ್ಕಳಿಗೆ ಈ ಕೆಲಸ ಬೇಡವೆನ್ನುತ್ತಾರೆ, ಮದುವೆಯ ಧಾರೆ ಸೀರೆ ಮಾತ್ರ ರೇಷ್ಮೆಯದೇ ಆಗಬೇಕೆನ್ನುತ್ತಾರೆ.

ಆದರೂ ಚರಕ ಪೂರ್ತಿ ನಿಂತಿಲ್ಲ, ಅದಕ್ಕೆ ಕಾರಣ ಹುಳುವೇ. ಸ್ವಯಂಚಾಲಿತ ಯಂತ್ರಕ್ಕೆ ಒಂದೇ ಅಳತೆಯ, ಕಲೆಯಿಲ್ಲದ, ದ್ವಿತಳಿಯ ಗೂಡು ಬೇಕು. ಎಲ್ಲ ಹುಳುಗಳೂ ಹಾಗೆ ಕಟ್ಟುವುದಿಲ್ಲ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡಿನಲ್ಲಿ ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿರುತ್ತವೆ, ಅದರಿಂದ ಬರುವ ಗಂಟುಗಂಟಾದ ಡುಪಿಯಾನ್ ನೂಲಿಗೆ ಪೇಟೆಯಲ್ಲಿ ಬೇರೆಯೇ ಗಿರಾಕಿಗಳಿದ್ದಾರೆ. ಕಲೆ ಬಿದ್ದ ಗೂಡು, ತೆಳು ಗೂಡು, ಆಕಾರ ಕೆಟ್ಟ ಗೂಡು ಇವನ್ನು ಯಂತ್ರ ಹೊರಗೆ ಹಾಕುತ್ತದೆ. ಇಂಥವನ್ನು ಬಿಚ್ಚಲು ಈಗಲೂ ಬಾಣಲೆ ಬೇಕು, ಬೆರಳು ಬೇಕು. ಹರಾಜಿನ ಕೊನೆಯಲ್ಲಿ ಅಗ್ಗಕ್ಕೆ ಹೋಗುವ ಆ ಲಾಟುಗಳನ್ನು ಕೊಂಡು, ಸ್ಕೂಟರಿನ ಹಿಂದೆ ಚೀಲ ಕಟ್ಟಿಕೊಂಡು ಕೇರಿಗೆ ಹಿಂತಿರುಗುವವರು ಬಹುಪಾಲು ಚರಕದ ಮನೆಯವರೇ.